ಹಸಿರು ಶಾಲಿನ ಪ್ರೊಫೆಸರ್ ಮತ್ತು ನಮ್ಮ ಮನೆಯ ಉಳ್ಳಾಗಡ್ಡಿ

2023ರ ಡಿಸೆಂಬರ್ ಎರಡನೇ ವಾರ. ಪುಣೆಯ ಖರಾಡಿಯಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಂದು ಬೆಳಿಗ್ಗೆಯಿಂದಲೇ ಖುಷಿ. ಡಿಸೆಂಬರ್ 8ರಂದು ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಷೇಧಿಸಿತ್ತು, ಗೇಟಿನೆದುರಿನ ತಳ್ಳುಗಾಡಿಯಲ್ಲಿ ದರ ಇಳಿದಿತ್ತು. ಒಬ್ಬರು ಬೆಲೆಯ ಫಲಕದ ಫೋಟೊ ಹಾಕಿದರೆ ಉಳಿದವರು ಹೆಬ್ಬೆರಳು ಎತ್ತಿದರು. ಹೆಂಡತಿಯ ಒತ್ತಾಯಕ್ಕೆ ನಾನೂ ಕೆಳಗಿಳಿದು ಐದು ಕೆಜಿ ತಂದೆ.

ಅಂದು ಸಂಜೆಯೇ ಅಪ್ಪನ ಫೋನು ಬಂತು. ನವಲಗುಂದ ತಾಲ್ಲೂಕಿನ ನಮ್ಮ ಊರಲ್ಲಿ ಆ ವರ್ಷ ಬರ. ಬಂದಷ್ಟು ಉಳ್ಳಾಗಡ್ಡಿಯನ್ನು ಇನ್ನಷ್ಟು ದರ ಸಿಗಲಿ ಎಂದು ಅಪ್ಪ ಒಂದಿಷ್ಟು ದಿನ ಹಿಡಿದಿಟ್ಟಿದ್ದರು. ನಿಷೇಧದ ಸುದ್ದಿ ಬಂದ ವಾರ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಒಯ್ದರೆ ಹೆಚ್ಚುಕಡಿಮೆ ಅರ್ಧ ದರ. ಗಾಡಿ ಬಾಡಿಗೆ, ಹಮಾಲಿ, ದಲಾಲಿ ಕಳೆದು ಪಟ್ಟಿಯಲ್ಲಿ ಉಳಿದದ್ದನ್ನು ಅಪ್ಪ ಓದಿ ಹೇಳಿದರು. ಸಿಟ್ಟು ಮಾಡಿಕೊಳ್ಳಲಿಲ್ಲ. ಪುಣೆಯಲ್ಲಿ ಏನು ದರ ಇದೆ ಎಂದು ಮಾತ್ರ ಕೇಳಿದರು. ನಾನು ಮಾತು ಬದಲಿಸಿದೆ. ಅಡುಗೆಮನೆಯಲ್ಲಿ ಅಗ್ಗದ ಐದು ಕೆಜಿ ಕೂತಿತ್ತು.

ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಹಸಿರು ಶಾಲೊಂದಿದೆ. ಅಂದು ರಾತ್ರಿ ಅದರ ನೆನಪಾಯಿತು, ಶಾಲಿನ ಜೊತೆಗೆ ಪ್ರೊಫೆಸರರದೂ. ಎಂ.ಡಿ. ನಂಜುಂಡಸ್ವಾಮಿಯವರು ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮ ಮನೆಯಲ್ಲಿ ಅವರಿಗೆ ಹೆಸರಿರಲಿಲ್ಲ, ಬರೀ ಪ್ರೊಫೆಸರ್. ರೈತರಿಗೆ ಸಿಗುವ ಸಬ್ಸಿಡಿ ಯಾರ ಕಿಸೆಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಕರ್ನಾಟಕದ ಹಳ್ಳಿಗಳ ಕಟ್ಟೆಗೆ ತಂದವರಲ್ಲಿ ಅವರೇ ಮುಂಚೂಣಿಯಲ್ಲಿದ್ದರು. ಹೊರನಾಡಿನಲ್ಲಿರುವ ನಮ್ಮಂಥವರು, ಅಂದರೆ ಊರಲ್ಲಿ ಹೊಲ, ಇಲ್ಲಿ ಇಎಂಐ ಇರುವವರು, ಆ ಬದುಕನ್ನು ಇನ್ನೊಮ್ಮೆ ಓದಿಕೊಳ್ಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಂಜುಂಡಸ್ವಾಮಿ ಹುಟ್ಟಿದ್ದು 1936ರ ಫೆಬ್ರುವರಿ 13ರಂದು, ಮೈಸೂರು ಸೀಮೆಯಲ್ಲಿ. ಕಾನೂನು ಓದಿ, ನೆದರ್ಲೆಂಡ್ಸ್‌ನ ಹೇಗ್‌ಗೆ ಹೋಗಿ ಅಂತರರಾಷ್ಟ್ರೀಯ ಕಾನೂನು ಕಲಿತರು. ವಾಪಸು ಬಂದು ಕಾನೂನು ಅಧ್ಯಾಪಕರಾದರು. ಬೇಕಿದ್ದರೆ ಅಲ್ಲೇ ಎಲ್ಲೋ ಒಂದು ಒಳ್ಳೆಯ ಹುದ್ದೆ ಹಿಡಿದು ಉಳಿಯಬಹುದಿತ್ತು. ವಿದೇಶಕ್ಕೆ ಹೋದವರ ಕಥೆ ಹೇಗೆ ಮುಗಿಯುತ್ತದೆ ಎಂಬುದು ಖರಾಡಿಯ ಐಟಿ ಪಾರ್ಕಿನಲ್ಲಿ ಕೂತ ನಮಗೆ ಚೆನ್ನಾಗಿ ಗೊತ್ತು. ಇವರು ಹಾಗೆ ಮಾಡಲಿಲ್ಲ.

ಮೈಸೂರಿನ ಆ ಕಾಲದ ತರುಣರನ್ನು ಲೋಹಿಯಾ ಹಿಡಿದುಬಿಟ್ಟಿದ್ದರು. ಸಮಾಜವಾದಿ ಯುವಜನ ಸಭಾದಲ್ಲಿ ಪೂರ್ಣಚಂದ್ರ ತೇಜಸ್ವಿ, ಕೆ. ರಾಮದಾಸ್ ಅವರಂಥವರ ಜೊತೆ ನಂಜುಂಡಸ್ವಾಮಿಯೂ ಇದ್ದರು. ಜಾತಿ ಬಿಡಿ, ಪುರೋಹಿತರಿಲ್ಲದೆ ಮದುವೆಯಾಗಿ, ಇಂಗ್ಲಿಷಿನ ಅಹಂಕಾರ ಇಳಿಸಿ ಎನ್ನುವ ಗುಂಪು ಅದು. ಮುಂದೆ ರೈತಸಂಘವೂ ಹಳ್ಳಿಗಳಲ್ಲಿ ಸರಳ ಮದುವೆಗಳನ್ನು ಮಾಡಿಸಿತು. ನಮ್ಮ ಅಪ್ಪ ಅವ್ವನ ಮದುವೆ ಅಂಥದ್ದೇ. ಸಾಲ ಮಾಡದೆ ನಡೆದ ಮದುವೆ ಎಂದು ಅವ್ವ ಈಗಲೂ ಹೆಮ್ಮೆಯಿಂದ ಹೇಳುತ್ತಾಳೆ, ಬಂಗಾರ ಹಾಕಲಿಲ್ಲ ಎಂದು ಕೊರಗುತ್ತಾಳೆ ಕೂಡ.

ರೈತ ಚಳವಳಿ ಶುರುವಾದದ್ದು ಪ್ರೊಫೆಸರರಿಂದ ಅಲ್ಲ. 1980ರಲ್ಲಿ ಎರಡು ಕಡೆ ಬೆಂಕಿ ಹತ್ತಿತು. ಶಿವಮೊಗ್ಗ ಸೀಮೆಯಲ್ಲಿ ಕಬ್ಬು ಬೆಳೆಗಾರರು ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಅವರ ಜೊತೆ ಸಂಘಟಿತರಾಗುತ್ತಿದ್ದರು. ಇತ್ತ ನಮ್ಮ ಮಲಪ್ರಭಾ ಅಚ್ಚುಕಟ್ಟಿನಲ್ಲಿ ಬೇರೆ ಸಂಕಟ. ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆ ಬಂದಿತ್ತು. ನೀರು ಬಂದಿದೆ, ವರಲಕ್ಷ್ಮಿ ಹತ್ತಿ ಬೆಳೆಯಿರಿ ಎಂದರು. ಗೊಬ್ಬರ, ಎಣ್ಣೆ, ಬೀಜಕ್ಕೆ ಸಾಲ ಮಾಡಿ ಬೆಳೆದದ್ದಾಯಿತು. ಆಮೇಲೆ ಹತ್ತಿಯ ದರ ಕುಸಿಯಿತು. ಅದೇ ಹೊತ್ತಿಗೆ ನೀರು ಬಂದ ಭೂಮಿಗೂ, ಸರಿಯಾಗಿ ಬಾರದ ಭೂಮಿಗೂ ಅಭಿವೃದ್ಧಿ ಕರ ಕಟ್ಟಿರೆಂಬ ನೋಟಿಸು ಬಂತು.

1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಅಜ್ಜ ನವಲಗುಂದಕ್ಕೆ ಚಕ್ಕಡಿಯಲ್ಲಿ ಹೋಗಿದ್ದವರು ಆ ರಾತ್ರಿ ಹೊಲದ ಹಾದಿ ಹಿಡಿದು ನಡೆದೇ ಮನೆ ಸೇರಿದರಂತೆ. ಪೊಲೀಸರ ಗುಂಡಿಗೆ ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ, ನವಲಗುಂದದ ಕಡೆ ಬಸಪ್ಪ ಲಕ್ಕುಂಡಿ ಬಲಿಯಾದರು. ರಾಜ್ಯವೇ ಹೊತ್ತಿ ಉರಿಯಿತು. ಮೂರು ವರ್ಷ ತುಂಬುವುದರೊಳಗೆ, 1983ರಲ್ಲಿ, ಗುಂಡೂರಾಯರ ಸರ್ಕಾರ ಸೋತು ಕರ್ನಾಟಕಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು.

ಆ ಸಿಟ್ಟಿಗೆ ಭಾಷೆ, ಲೆಕ್ಕ, ಶಿಸ್ತು ಕೊಟ್ಟದ್ದು ಪ್ರೊಫೆಸರ್. 1980ರಲ್ಲೇ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘದ ಮುಖವಾಗಿ ಅವರು ಬೆಳೆದರು. ಅವರ ವಾದದ ತಿರುಳು ಸರಳ. ರೈತ ಸರ್ಕಾರಕ್ಕೆ ಸಾಲಗಾರನಲ್ಲ, ಸರ್ಕಾರವೇ ರೈತನಿಗೆ ಸಾಲಗಾರ. ಪಟ್ಟಣಕ್ಕೆ ಅಗ್ಗದ ಅನ್ನ, ಕಾರ್ಖಾನೆಗೆ ಅಗ್ಗದ ಹತ್ತಿ ಸಿಗಲೆಂದು ಬೆಳೆಯ ದರವನ್ನು ದಶಕಗಟ್ಟಲೆ ಹಿಡಿದಿಡಲಾಗಿದೆ. ಹೀಗೆ ಕಳೆದುಕೊಂಡದ್ದನ್ನು ಕೂಡಿಸಿದರೆ ಬ್ಯಾಂಕಿನ ಸಾಲ ಅದರ ಮುಂದೆ ಏನೂ ಅಲ್ಲ. ಆದ್ದರಿಂದ ಬೇಕಾದದ್ದು ಭಿಕ್ಷೆಯಂಥ ರಿಯಾಯಿತಿಯಲ್ಲ, ಖರ್ಚನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿದ ವೈಜ್ಞಾನಿಕ ಬೆಲೆ.

ಇದನ್ನು ಅವರು ಭಾಷಣದಲ್ಲಿ ಬಿಡಲಿಲ್ಲ. ಸಾಲ ವಸೂಲಿಗೆ ಬಂದ ಅಧಿಕಾರಿಗಳು ಅಪ್ಪಣೆಯಿಲ್ಲದೆ ಊರೊಳಗೆ ಬರಕೂಡದು ಎಂಬ ಫಲಕಗಳು ಹಳ್ಳಿಗಳ ಬಾಗಿಲಲ್ಲಿ ನಿಂತವು. ಪಾತ್ರೆ, ಎತ್ತು, ಬಾಗಿಲು ಜಪ್ತಿ ಮಾಡಿಕೊಂಡು ಹೋದರೆ ಹಸಿರು ಶಾಲಿನವರು ಗುಂಪಾಗಿ ಹೋಗಿ ವಾಪಸು ತಂದರು. ಅದಕ್ಕೆ ಮರುಜಪ್ತಿ ಎಂದು ಹೆಸರು. ನಮ್ಮ ಮನೆಯ ತಾಮ್ರದ ಹಂಡೆಯೂ ಹಾಗೆ ಹೋಗಿ ಬಂದದ್ದು. ಅದರ ಅಂಚಿನಲ್ಲಿ ಸುಣ್ಣದಲ್ಲಿ ಬರೆದ ಸಂಖ್ಯೆ ಬಹಳ ದಿನ ಹಾಗೇ ಇತ್ತಂತೆ.

ಇನ್ನು ಸಬ್ಸಿಡಿಯ ಮಾತು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಇದು ಆಗಾಗ ಬರುತ್ತದೆ. ತೆರಿಗೆ ನಾವು ಕಟ್ಟುತ್ತೇವೆ, ರೈತರಿಗೆ ಎಲ್ಲಾ ಬಿಟ್ಟಿ ಎಂಬುದು ಸಾಮಾನ್ಯ ತೀರ್ಪು. ಲೆಕ್ಕ ಬಿಡಿಸಿ ನೋಡಿದರೆ ಚಿತ್ರ ಬೇರೆ.

ಯೂರಿಯಾ ತೆಗೆದುಕೊಳ್ಳಿ. 45 ಕೆಜಿಯ ಚೀಲಕ್ಕೆ ರೈತ ಕೊಡುವುದು ಸುಮಾರು 266 ರೂಪಾಯಿ. ತಯಾರಿಸುವ ಅಥವಾ ತರಿಸುವ ಖರ್ಚು ಅದರ ಹಲವು ಪಟ್ಟು. ವ್ಯತ್ಯಾಸದ ಹಣ ರೈತನ ಕೈಗೆ ಬರುವುದಿಲ್ಲ, ಗೊಬ್ಬರದ ಕಂಪನಿಗೆ ಹೋಗುತ್ತದೆ. ಈ ಏರ್ಪಾಡು ಶುರುವಾದದ್ದು 1977ರಲ್ಲಿ. 1992ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ನಿಯಂತ್ರಣ ತೆಗೆದರು, ಯೂರಿಯಾದ್ದು ಬಿಟ್ಟರು. ಅವು ದುಬಾರಿಯಾದವು, ಇದು ಅಗ್ಗವಾಗಿ ಉಳಿಯಿತು. ರೈತರು ಅಗ್ಗದ್ದನ್ನೇ ಹೆಚ್ಚು ಸುರಿದರು, ಮಣ್ಣಿನ ಸಮತೋಲ ಕೆಟ್ಟಿತು.

ವಿದ್ಯುತ್ ನೋಡಿ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಬೋರ್‌ವೆಲ್ ಇದ್ದವನಿಗೆ ಅದು ದೊಡ್ಡ ನೆರವು. ನಮ್ಮ ಎರೆ ಹೊಲದ ಕೆಳಗೆ ಸಿಗುವುದು ಉಪ್ಪು ನೀರು, ನಾವು ಕಾಲುವೆಯ ಕೊನೆಯವರು. ನಮಗೆ ಆ ಸಬ್ಸಿಡಿ ಒಂದು ರೂಪಾಯಿಯೂ ಅಲ್ಲ. ಒಣಬೇಸಾಯದವನು ಎಷ್ಟು ಬಡವನೋ ಅಷ್ಟೇ ಸಬ್ಸಿಡಿಯಿಂದ ದೂರ.

ಬೆಂಬಲ ಬೆಲೆಯ ಕಥೆಯೂ ಅಷ್ಟೇ. 1965ರಲ್ಲಿ ಕೃಷಿ ಬೆಲೆ ಆಯೋಗ, ಆಹಾರ ನಿಗಮ ಎರಡೂ ಬಂದವು. ಇಂದು 22 ಬೆಳೆಗಳಿಗೆ ಬೆಲೆ ಘೋಷಣೆಯಾಗುತ್ತದೆ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವುದು ಅಕ್ಕಿ, ಗೋಧಿಯನ್ನೇ. 2015ರ ಶಾಂತಕುಮಾರ್ ಸಮಿತಿಯ ಪ್ರಕಾರ ಬೆಂಬಲ ಬೆಲೆಯಲ್ಲಿ ಸರ್ಕಾರಿ ಸಂಸ್ಥೆಗಳಿಗೆ ಮಾರಿದ ರೈತರು ಶೇ 6ರಷ್ಟೇ. 2024-25ಕ್ಕೆ ಹೆಸರುಕಾಳಿಗೆ ಕ್ವಿಂಟಲಿಗೆ 8,682 ರೂಪಾಯಿ ಘೋಷಣೆಯಾಗಿತ್ತು. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಾಲದ ಒತ್ತಡ ಇದ್ದವರ ಹೆಸರು ಆಗಲೇ ದಲಾಲಿ ಅಂಗಡಿ ಸೇರಿರುತ್ತದೆ. ಉಳ್ಳಾಗಡ್ಡಿಗಂತೂ ಬೆಂಬಲ ಬೆಲೆಯೇ ಇಲ್ಲ.

ಗೊಬ್ಬರ, ಕರೆಂಟು ಅಗ್ಗವಾದಾಗ ಬೆಳೆ ಹೆಚ್ಚುತ್ತದೆ. ಬೆಳೆ ಹೆಚ್ಚಾದರೆ ದರ ಇಳಿಯುತ್ತದೆ, ಅದೂ ಬೆಳೆ ಹೆಚ್ಚಿದ್ದಕ್ಕಿಂತ ಜೋರಾಗಿ. ಅಗ್ಗವಾಯಿತೆಂದು ಯಾರೂ ಎರಡು ಪಟ್ಟು ಉಳ್ಳಾಗಡ್ಡಿ ತಿನ್ನುವುದಿಲ್ಲವಲ್ಲ. ಹಾಗಾಗಿ ರೈತನ ಹೆಸರಿನಲ್ಲಿ ಕೊಟ್ಟದ್ದರ ದೊಡ್ಡ ಪಾಲು ಕೊನೆಗೆ ಬಂದು ಕೂರುವುದು ತಿನ್ನುವವರ ತಟ್ಟೆಯಲ್ಲಿ. ಬಡವರ ತಟ್ಟೆಯಲ್ಲಿ ಕೂತರೆ ನನಗೆ ಸಂತೋಷವೇ. ಆದರೆ ಅದು ನನ್ನ ತಟ್ಟೆಯಲ್ಲೂ ಇದೆ ಎಂಬುದನ್ನು ಕ್ಯಾಂಟೀನಿನಲ್ಲಿ ಯಾರೂ ಹೇಳುವುದಿಲ್ಲ.

ಪ್ರೊಫೆಸರರ ಸಾಲಗಾರ ವಾದವನ್ನು ನಾನು ಬಹಳ ದಿನ ಭಾಷಣದ ಬಿಸಿ ಎಂದುಕೊಂಡಿದ್ದೆ. ಅವರು ಸತ್ತು ಹದಿನಾಲ್ಕು ವರ್ಷಕ್ಕೆ, 2018ರಲ್ಲಿ, ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಮತ್ತು ದೆಹಲಿಯ ಐಸಿಆರ್‌ಐಇಆರ್ ಸೇರಿ ಒಂದು ವರದಿ ತಂದವು. ಅವರ ಲೆಕ್ಕದಲ್ಲಿ 2000-01ರಿಂದ 2016-17ರವರೆಗೆ, ಕೊಟ್ಟ ಸಬ್ಸಿಡಿಯನ್ನೆಲ್ಲ ಕೂಡಿಸಿದ ಮೇಲೂ, ಭಾರತದ ರೈತರಿಗೆ ಸಿಕ್ಕ ನೆರವು ಸರಾಸರಿ ಮೈನಸ್ ಶೇ 14. ರಫ್ತು ನಿಷೇಧ, ದಾಸ್ತಾನು ಮಿತಿಯಂಥ ಕ್ರಮಗಳಿಂದ ಕಳೆದುಕೊಂಡದ್ದೇ ಹೆಚ್ಚು. ಕೊಟ್ಟ ಕೈಗಿಂತ ಕಿತ್ತುಕೊಂಡ ಕೈ ದೊಡ್ಡದು. ಅಜ್ಜನ ಕಟ್ಟೆಯ ಮಾತಿಗೆ ಇಷ್ಟು ತಡವಾಗಿ ಅಂಕಿ ಸಿಕ್ಕಿತು.

ಇಲ್ಲಿ ಪುಣೆಯವರೇ ಆದ ಇನ್ನೊಬ್ಬರು ಬರುತ್ತಾರೆ. ಖರಾಡಿಯಿಂದ ಚಾಕಣ್‌ಗೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಈಗ ಅಲ್ಲಿ ಕಾರು ಕಾರ್ಖಾನೆಗಳ ಸಾಲು. 1977ರಲ್ಲಿ ಸ್ವಿಟ್ಜರ್ಲೆಂಡಿನ ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ಕೆಲಸ ಬಿಟ್ಟು ಬಂದ ಶರದ್ ಜೋಶಿ ಇದೇ ಚಾಕಣ್ ಹತ್ತಿರದ ಅಂಬೇಠಾಣದಲ್ಲಿ ಹೊಲ ಕೊಂಡು, ಕಾಂದಾ ಬೆಳೆಗಾರರನ್ನು ಸಂಘಟಿಸಿ ಶೇತಕರಿ ಸಂಘಟನಾ ಕಟ್ಟಿದರು. 1981ರಲ್ಲಿ ನಮ್ಮ ನಿಪ್ಪಾಣಿಯ ತಂಬಾಕು ಬೆಳೆಗಾರರ ಹೋರಾಟಕ್ಕೆ ನಿಂತವರೂ ಅವರೇ. ಅಲ್ಲಿಯೂ ಗುಂಡು ಹಾರಿತು, ರೈತರು ಸತ್ತರು. ಯುರೋಪ್ ನೋಡಿ ಬಂದ ಇಬ್ಬರು ವಿದ್ಯಾವಂತರು, ಒಂದೇ ಕಾಲ, ಒಂದೇ ರೋಗಪತ್ತೆ: ರೈತನಿಗೆ ಬೇಕಾದದ್ದು ದಾನವಲ್ಲ, ಬೆಲೆ. ಕೆಲಕಾಲ ಒಂದೇ ವೇದಿಕೆಯಲ್ಲಿ ಕೂತರು ಕೂಡ.

ಔಷಧಿಯಲ್ಲಿ ಇಬ್ಬರೂ ಬೇರೆಯಾದರು. 1991ರ ಕೊನೆಗೆ ಡಂಕೆಲ್ ಕರಡು ಬಂತು. ಸರ್ಕಾರದ ಕೈ ಕಟ್ಟಿ, ಬಾಗಿಲು ತೆರೆದರೆ ನಮ್ಮ ಬೆಳೆಗೆ ಜಗತ್ತಿನ ದರ ಸಿಗುತ್ತದೆ ಎಂದು ಜೋಶಿ ಅದನ್ನು ಸ್ವಾಗತಿಸಿದರು. ಪ್ರೊಫೆಸರ್ ಖಡಾಖಂಡಿತವಾಗಿ ವಿರೋಧಿಸಿದರು. ಅಂತರರಾಷ್ಟ್ರೀಯ ಕಾನೂನು ಓದಿದ ಮನುಷ್ಯ, ಒಪ್ಪಂದಗಳನ್ನು ಓದಲು ಬರುತ್ತಿತ್ತು. ಅಮೆರಿಕ, ಯುರೋಪಿನ ಖಜಾನೆಗಳು ತಮ್ಮ ರೈತರ ಹಿಂದೆ ನಿಂತಿರುವಾಗ ಅಲ್ಲಿನ ಧಾನ್ಯ, ಎಣ್ಣೆ, ಹಾಲಿನ ಪುಡಿ ಖರ್ಚಿಗಿಂತ ಕಡಿಮೆ ದರಕ್ಕೆ ಇಲ್ಲಿ ಬಂದು ಬೀಳುತ್ತದೆ, ಬೀಜದ ಒಡೆತನ ಕಂಪನಿಗಳ ಪಾಲಾಗುತ್ತದೆ ಎಂಬುದು ಅವರ ಆತಂಕ.

1992ರ ಡಿಸೆಂಬರ್ 29ರಂದು ರೈತಸಂಘದವರು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟರು. ಮರುವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಕಂಪನಿಯ ಕಟ್ಟಡ ಕೆಡವಿದರು. 1996ರ ಜನವರಿ 30ರಂದು ಬೆಂಗಳೂರಿನ ಕೆಎಫ್‌ಸಿ ಮಳಿಗೆ ಗುರಿಯಾಯಿತು. 1998ರಲ್ಲಿ ರಾಯಚೂರು ಕಡೆ ಬಿಟಿ ಹತ್ತಿಯ ಪ್ರಾಯೋಗಿಕ ಬೆಳೆ ಸುಟ್ಟರು. 1999ರಲ್ಲಿ ನಾನೂರಕ್ಕೂ ಹೆಚ್ಚು ರೈತರು ಯುರೋಪಿನ ರಸ್ತೆಗಳಲ್ಲಿ ಜಾಥಾ ಹೋದರು. ಅವರಲ್ಲಿ ಬಹಳ ಮಂದಿ ಕರ್ನಾಟಕದವರು. ಪಾಸ್‌ಪೋರ್ಟನ್ನೇ ಕಂಡಿರದವರು ಜರ್ಮನಿಯ ಕಲೋನಿನಲ್ಲಿ ಜಿ-8 ನಾಯಕರ ಸಭೆಯ ಹೊರಗೆ ನಿಂತರು.

ಇವೆಲ್ಲವನ್ನೂ ನಾನು ಒಪ್ಪುತ್ತೇನೆಂದಲ್ಲ. ಮಳಿಗೆ ಒಡೆಯುವುದು, ಕಡತ ಸುಡುವುದು ನನಗೆ ಈಗಲೂ ಸರಿ ಕಾಣುವುದಿಲ್ಲ. ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕ ಮೇಲೆ ರೈತರೇ ಅದಕ್ಕೆ ಮುಗಿಬಿದ್ದರು, ಹಸಿರು ಶಾಲಿನ ಮನೆಯವರಾದ ನಾವೂ ಬಿತ್ತಿದೆವು. ಸಂಘದೊಳಗೆ ಪ್ರೊಫೆಸರರ ಮಾತೇ ಕೊನೆಯದಾಗುತ್ತಿತ್ತು, ಜೊತೆಯವರು ಒಬ್ಬೊಬ್ಬರಾಗಿ ದೂರವಾದರು, ಸಂಘ ಒಡೆಯಿತು. ಧಾರವಾಡದ ಕಡೆಯಿಂದಲೇ ಅವರು ವಿಧಾನಸಭೆಗೆ ಬಂದರೂ ಚುನಾವಣೆ ರೈತಸಂಘಕ್ಕೆ ಒಗ್ಗಲಿಲ್ಲ. ಹೊಲ ಇದ್ದವನ ಬೆಲೆಯ ಬಗ್ಗೆ ಆಡಿದಷ್ಟು ಮಾತನ್ನು ಹೊಲ ಇಲ್ಲದವನ ಕೂಲಿಯ ಬಗ್ಗೆ ಚಳವಳಿ ಆಡಲಿಲ್ಲ. ನಮ್ಮ ಹೊಲದಲ್ಲಿ ಉಳ್ಳಾಗಡ್ಡಿ ಕೀಳಲು ಬರುವ ಹೆಣ್ಣುಮಕ್ಕಳ ಮನೆಯಲ್ಲಿ ಹಸಿರು ಶಾಲು ಇರಲಿಲ್ಲ.

ಹಾಗಾದರೆ ಗೆದ್ದವರು ಯಾರು, ಪ್ರೊಫೆಸರೋ ಜೋಶಿಯೋ? ನಮ್ಮ ಹೊಲದ ಇತಿಹಾಸ ನೋಡಿದರೆ ಇಬ್ಬರೂ ಸರಿ. ನಾನು ಸಣ್ಣವನಿದ್ದಾಗ ನಮ್ಮ ಸೀಮೆಯ ತುಂಬ ಸೂರ್ಯಕಾಂತಿ. 1994-95ರಲ್ಲಿ ಖಾದ್ಯ ತೈಲದ ಆಮದಿಗೆ ಬಾಗಿಲು ತೆರೆಯಿತು. ಹೊರಗಿನ ಎಣ್ಣೆ ಅಗ್ಗವಾಗಿ ಬಂತು, ಜೊತೆಗೆ ರೋಗವೂ ಬಿತ್ತು, ಸೂರ್ಯಕಾಂತಿ ಹಿಂದೆ ಸರಿಯಿತು. ಇಂದು ದೇಶ ಬಳಸುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಪ್ರೊಫೆಸರ್ ಹೆದರಿದ್ದು ಇದಕ್ಕೇ.

ಉಳ್ಳಾಗಡ್ಡಿಯಲ್ಲಿ ಆದದ್ದು ತಿರುವುಮುರುವು. 2023ರ ಆಗಸ್ಟಿನಲ್ಲಿ ರಫ್ತಿಗೆ ಶೇ 40ರ ಸುಂಕ, ಡಿಸೆಂಬರಿನಲ್ಲಿ ನಿಷೇಧ, 2024ರ ಮೇನಲ್ಲಿ ನಿಷೇಧ ತೆಗೆದು ಮತ್ತೆ ಸುಂಕ, ಕೊನೆಗೆ 2025ರ ಏಪ್ರಿಲ್ 1ಕ್ಕೆ ಸುಂಕವೂ ರದ್ದು. ದರ ಬಂದಾಗ ಬಾಗಿಲು ಮುಚ್ಚುವುದು, ದರ ಹೋದ ಮೇಲೆ ತೆರೆಯುವುದು. ಜೋಶಿ ಬಡಿದಾಡಿದ್ದು ಇದರ ವಿರುದ್ಧವೇ. ಆಮದಿನ ಬಾಗಿಲು ಮುಚ್ಚಿರಬೇಕಾದಾಗ ತೆರೆದಿತ್ತು, ರಫ್ತಿನದು ತೆರೆದಿರಬೇಕಾದಾಗ ಮುಚ್ಚಿತ್ತು. ಕೀಲಿಕೈ ಮಾತ್ರ ಒಮ್ಮೆಯೂ ರೈತನ ಕೈಯಲ್ಲಿರಲಿಲ್ಲ.

ಬಾಗಿಲು ತೆರೆದಾಗಲೂ ಪೂರ್ತಿ ಹಣ ಹೊಲಕ್ಕೆ ಬರುವುದಿಲ್ಲ. 2024ರಲ್ಲಿ ರಿಸರ್ವ್ ಬ್ಯಾಂಕಿನ ಸಂಶೋಧಕರು ಲೆಕ್ಕ ಹಾಕಿದಂತೆ ಗ್ರಾಹಕ ಈರುಳ್ಳಿಗೆ ಕೊಡುವ ರೂಪಾಯಿಯಲ್ಲಿ ರೈತನಿಗೆ ಸಿಗುವುದು ಸುಮಾರು 36 ಪೈಸೆ. 2018-19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ರೈತ ಕುಟುಂಬದ ತಿಂಗಳ ಸರಾಸರಿ ಆದಾಯ 10,218 ರೂಪಾಯಿ, ಅದರಲ್ಲಿ ಬೆಳೆಯಿಂದ ಬಂದದ್ದು 3,798. ಕೂಲಿಯಿಂದ ಬಂದದ್ದು ಅದಕ್ಕಿಂತ ಹೆಚ್ಚು. ವರ್ಷಕ್ಕೆ 6,000 ಕೊಡುವ ಪಿಎಂ-ಕಿಸಾನ್ ಹಣ ನೇರವಾಗಿ ಅಪ್ಪನ ಖಾತೆಗೆ ಬರುತ್ತದೆ, ನಡುವೆ ಯಾರೂ ಇಲ್ಲ, ಅದು ಒಳ್ಳೆಯದೇ. ಆದರೆ ಒಂದು ನಿಷೇಧದ ಆದೇಶ ಅಪ್ಪನ ಒಂದೇ ಲೋಡಿನಲ್ಲಿ ಕಳೆದದ್ದು ಅದರ ಎಷ್ಟೋ ಪಟ್ಟು.

ಪ್ರೊಫೆಸರ್ 2004ರ ಫೆಬ್ರುವರಿ 3ರಂದು ಬೆಂಗಳೂರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಹುಟ್ಟುಹಬ್ಬಕ್ಕೆ ಹತ್ತು ದಿನ ಬಾಕಿಯಿತ್ತು, 68 ತುಂಬಿರಲಿಲ್ಲ. ಅಂದು ಅಜ್ಜ ಶಾಲು ಹೊದ್ದು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು, ಊಟ ಮಾಡಲಿಲ್ಲ. ಚಾಮರಾಜನಗರ ಜಿಲ್ಲೆಯ ಹೊಂಡರಬಾಳಿನಲ್ಲಿ ಪ್ರೊಫೆಸರ್ ಕನಸು ಕಂಡ ಅಮೃತಭೂಮಿ ಇಂದೂ ಇದೆ, ಅಲ್ಲಿ ದೇಸಿ ಬೀಜ, ನೈಸರ್ಗಿಕ ಬೇಸಾಯದ ಕೆಲಸ ನಡೆಯುತ್ತದೆ. ಶರದ್ ಜೋಶಿ 2015ರ ಡಿಸೆಂಬರಿನಲ್ಲಿ ಪುಣೆಯಲ್ಲಿ ತೀರಿಕೊಂಡರು.

ಆ ಡಿಸೆಂಬರಿನ ನಂತರ ನಾನು ಒಂದು ಪ್ರಯತ್ನ ಮಾಡಿದೆ. ಊರಿನ ಉಳ್ಳಾಗಡ್ಡಿ ನೇರ ನಮ್ಮ ಅಪಾರ್ಟ್‌ಮೆಂಟಿಗೆ ತರಿಸಿದರೆ ಹೇಗೆ ಎಂದು ಸ್ಪ್ರೆಡ್‌ಶೀಟ್ ಮಾಡಿದೆ. ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಸಣ್ಣ ಲೋಡು, ಕೊಳೆಯುವ ಮಾಲು. ಬಾಡಿಗೆಯೇ ಲಾಭ ತಿಂದಿತು. ನಡುವಿನವರೆಲ್ಲ ಕಳ್ಳರಲ್ಲ, ಅವರ ಕೆಲಸಕ್ಕೂ ಖರ್ಚಿದೆ ಎಂಬ ಪಾಠ ಕಲಿತು ಫೈಲು ಮುಚ್ಚಿದೆ.

ಇನ್ನೊಂದು ಕೆಲಸ ಮಾತ್ರ ಮಾಡಲು ಬಂತು. ಮುಂದಿನ ಸಲ ಗುಂಪಿನಲ್ಲಿ ಈರುಳ್ಳಿ ದರದ ಚರ್ಚೆ ಎದ್ದಾಗ, ಅಪ್ಪ ಕಳಿಸಿದ್ದ ಎಪಿಎಂಸಿ ಪಟ್ಟಿಯ ಫೋಟೊ ಹಾಕಿ, ಇದು ನನ್ನ ತಂದೆಗೆ ಸಿಕ್ಕ ದರ ಎಂದಷ್ಟೇ ಬರೆದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೂರನೇ ಮಹಡಿಯ ಮರಾಠಿ ಗೃಹಸ್ಥರೊಬ್ಬರು ತಮ್ಮ ಅಣ್ಣನ ಪಟ್ಟಿ ಹಾಕಿದರು, ಅದು ನಾಶಿಕದ್ದು. ಆರು ವರ್ಷ ಒಂದೇ ಲಿಫ್ಟಿನಲ್ಲಿ ಓಡಾಡಿದ್ದೆವು, ಇಬ್ಬರ ಮನೆಯಲ್ಲೂ ಉಳ್ಳಾಗಡ್ಡಿಯ ಹೊಲ ಇದೆಯೆಂದು ಅಂದೇ ಗೊತ್ತಾದದ್ದು.

2025ರ ಜುಲೈ 21 ಸೋಮವಾರ ಬಂದಿತ್ತು. ಆಫೀಸಿಗೆ ರಜೆ ಹಾಕಿ ಊರಿಗೆ ಹೋದೆ. ಪ್ರತಿ ವರ್ಷ ಅಪ್ಪ ಒಬ್ಬರೇ ಹೋಗುತ್ತಿದ್ದರು, ಈ ಸಲ ಇಬ್ಬರೂ ನರಗುಂದದ ವೀರಗಲ್ಲಿನವರೆಗೆ ಹೋಗಿ ಬಂದೆವು. ಅಪ್ಪ ಅಜ್ಜನ ಶಾಲನ್ನು ನನಗೆ ಕೊಡಲು ನೋಡಿದರು. ಹೊದೆಯಲು ನನಗೆ ಧೈರ್ಯವಾಗಲಿಲ್ಲ, ಮಡಚಿ ಕೈಯಲ್ಲೇ ಹಿಡಿದುಕೊಂಡೆ. ವಾಪಸು ಬರುವಾಗ ಹೊಲದ ಬದುವಿನ ಮೇಲೆ ನಿಂತು ಅಪ್ಪ ಈ ವರ್ಷವೂ ಉಳ್ಳಾಗಡ್ಡಿ ಹಾಕಲೋ ಬೇಡವೋ ಎಂದು ಕೇಳಿದರು. ಎಂಟೆಕ್ ಓದಿದ ಮಗನ ಹತ್ತಿರ ಉತ್ತರ ಇರುತ್ತದೆ ಎಂಬ ನಂಬಿಕೆ ಅವರದು. ಡಿಸೆಂಬರಿನಲ್ಲಿ ಯಾವ ಬಾಗಿಲು ತೆರೆದಿರುತ್ತದೆ, ಯಾವುದು ಮುಚ್ಚಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅರ್ಧ ಹೊಲಕ್ಕೆ ಹಾಕೋಣ, ಖರ್ಚಿನಲ್ಲಿ ನನ್ನದೂ ಪಾಲು ಇರಲಿ, ಹೋದರೆ ಇಬ್ಬರದೂ ಹೋಗಲಿ ಎಂದೆ. ಅಪ್ಪ ತಲೆಯಾಡಿಸಿದರು.